ನಿಮಗಿದು ಗೊತ್ತೇ? ಲಾಭ ಏರಿದರೂ ಐಟಿ ಷೇರು ಬೀಳುತ್ತದೆ!

● 2013ರ ಏಪ್ರಿಲ್ 12ರಂದು ಇನ್ಫೊಸಿಸ್ 2,394 ಕೋಟಿ ರೂಪಾಯಿ ತ್ರೈಮಾಸಿಕ ಲಾಭ ಪ್ರಕಟಿಸಿತು. ಅದು ಹಿಂದಿನ ವರ್ಷಕ್ಕಿಂತ ಹೆಚ್ಚೇ ಇತ್ತು. ಆದರೂ ಷೇರು ಅಂದೇ ಶೇ 21ರಷ್ಟು ಕುಸಿಯಿತು. ಮುಂದಿನ ವರ್ಷ ವರಮಾನ ಶೇ 6ರಿಂದ 10ರಷ್ಟೇ ಬೆಳೆದೀತು ಎಂದು ಕಂಪನಿ ಹೇಳಿದ್ದೇ ಕಾರಣ. ಉದ್ಯಮದ ರಫ್ತು ಶೇ 12ರಿಂದ 14ರಷ್ಟು ಬೆಳೆಯುತ್ತದೆಂದು ಐಟಿ ಉದ್ಯಮ ಸಂಘಟನೆ ನಾಸ್ಕಾಂ ಅಂದಾಜಿಸಿತ್ತು.

● ಅದಕ್ಕೆ ಸುಮಾರು 10 ವರ್ಷ ಮೊದಲು, 2003ರ ಏಪ್ರಿಲ್ 10ರಂದು, ಇಂಥದೇ ಮುನ್ಸೂಚನೆಗೆ ಇದೇ ಷೇರು ಕಾಲು ಭಾಗಕ್ಕೂ ಹೆಚ್ಚು ಮೌಲ್ಯ ಕಳೆದುಕೊಂಡಿತ್ತು.

● ಇನ್ಫೊಸಿಸ್ ವರ್ಷದ ವರಮಾನದ ಮುನ್ಸೂಚನೆ ಕೊಡುತ್ತದೆ, ಟಿಸಿಎಸ್ ಕೊಡುವುದಿಲ್ಲ.

● ಫ್ಯೂಚರ್ಸ್–ಆಪ್ಷನ್ಸ್ ವಹಿವಾಟು ಇರುವ ಷೇರುಗಳಿಗೆ ದಿನದ ಖಾಯಂ ಸರ್ಕ್ಯೂಟ್ ಮಿತಿ ಇಲ್ಲ. ಒಂದೇ ದಿನ ಇಷ್ಟು ಬೀಳಲು ಸಾಧ್ಯವಾಗುವುದು ಅದಕ್ಕೇ.

● 2019ರ ಅಕ್ಟೋಬರ್ 22ರಂದು ಅನಾಮಧೇಯ ದೂರೊಂದು ಬಯಲಾಗಿ ಇನ್ಫೊಸಿಸ್ ಷೇರು ಶೇ 16ಕ್ಕೂ ಹೆಚ್ಚು ಇಳಿಯಿತು. ದೂರಿಗೆ ಪುರಾವೆ ಸಿಗಲಿಲ್ಲ ಎಂದು ಲೆಕ್ಕಪರಿಶೋಧನಾ ಸಮಿತಿ ಹೇಳಿದ್ದು 2020ರ ಜನವರಿಯಲ್ಲಿ. ಅಷ್ಟರಲ್ಲಿ ಗಾಬರಿಬಿದ್ದು ಮಾರಿದವರ ಷೇರು ಕೈಬಿಟ್ಟು ಹೋಗಿತ್ತು.

● 2024ರ ಜುಲೈ ಕೊನೆಗೆ ಅದೇ ಕಂಪನಿಗೆ ಸುಮಾರು 32,403 ಕೋಟಿ ರೂಪಾಯಿಯ ಜಿಎಸ್‌ಟಿ ಸಂಬಂಧದ ಶೋಕಾಸ್-ಪೂರ್ವ ನೋಟಿಸ್ ಬಂತು. ಆ ವರ್ಷದ ಜೂನ್ ತ್ರೈಮಾಸಿಕದ ಲಾಭ 6,368 ಕೋಟಿ. ಅಂದರೆ ಬೇಡಿಕೆ ಐದು ತ್ರೈಮಾಸಿಕಗಳ ಲಾಭಕ್ಕೆ ಸಮ! ಪ್ರಕರಣ 2025ರ ಜೂನ್‌ನಲ್ಲಿ ಪೂರ್ತಿ ಮುಗಿಯಿತು.

● ಟಿಸಿಎಸ್ ವಿರುದ್ಧ ಎಪಿಕ್ ಸಿಸ್ಟಮ್ಸ್ ಎಂಬ ಕಂಪನಿ ಅಮೆರಿಕದಲ್ಲಿ 2014ರಲ್ಲಿ ದಾವೆ ಹೂಡಿತು. 2016ರಲ್ಲಿ ಜ್ಯೂರಿ ಹೇಳಿದ ದಂಡ 94 ಕೋಟಿ ಡಾಲರ್. ಮೇಲಿನ ಕೋರ್ಟುಗಳಲ್ಲಿ ಅದು ಕರಗುತ್ತ ಬಂತು. ಕೊನೆಗೆ ಟಿಸಿಎಸ್ 2023ರ ಡಿಸೆಂಬರ್ ತ್ರೈಮಾಸಿಕದಲ್ಲಿ 958 ಕೋಟಿ ರೂಪಾಯಿ ಖರ್ಚು ತೋರಿಸಿತು.

● ನಮ್ಮ ಪೇಟೆ ತೆರೆಯುವುದು ಬೆಳಿಗ್ಗೆ 9.15ಕ್ಕೆ. ಆದರೆ ಅಹಮದಾಬಾದ್ ಸಮೀಪದ ಗಿಫ್ಟ್ ಸಿಟಿಯಲ್ಲಿ ಗಿಫ್ಟ್ ನಿಫ್ಟಿ (ನಿಫ್ಟಿ ಸೂಚ್ಯಂಕದ ಫ್ಯೂಚರ್ಸ್) ವಹಿವಾಟು 6.30ಕ್ಕೇ ಶುರು. ಸಿಂಗಪುರದಲ್ಲಿದ್ದ ಈ ವಹಿವಾಟು ಗುಜರಾತಿಗೆ ಬಂದದ್ದು 2023ರ ಜುಲೈ 3ರಂದು. ಅಮೆರಿಕದಲ್ಲಿ ರಾತ್ರಿ ಐಟಿ ಷೇರು ಬಿದ್ದರೆ ಅದರ ಬಿಸಿ ಮೊದಲು ತಟ್ಟುವುದು ಇಲ್ಲಿಗೇ.

● ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಹೊರಬಿದ್ದು 48 ಗಂಟೆ ಕಳೆಯುವವರೆಗೆ ಒಳಗಿನ ಮಾಹಿತಿ ಬಲ್ಲ ಅಧಿಕಾರಿಗಳು ಸ್ವಂತ ಕಂಪನಿಯ ಷೇರು ಮುಟ್ಟುವಂತಿಲ್ಲ. ಇದು ಸೆಬಿ ನಿಯಮ.

● ಕೋರ್ಟು, ತೆರಿಗೆ ತಕರಾರುಗಳು ಹೆಚ್ಚಾಗಿ ವಾರ್ಷಿಕ ವರದಿಯ ‘ಕಂಟಿಂಜೆಂಟ್ ಲಯಬಿಲಿಟೀಸ್’ (ಸಂಭವನೀಯ ಹೊಣೆಗಳು) ಟಿಪ್ಪಣಿಯಲ್ಲಿ ಸಿಗುತ್ತವೆ. ಷೇರು ಕೊಳ್ಳುವ ಮೊದಲು ಆ ಪುಟ ಓದಿ. ಮಾರುವ ಮೊದಲು ಇನ್ನೊಮ್ಮೆ ಓದಿ.