ನನ್ನ ಹತ್ರ ಕುದುರೆ ಇಲ್ಲ, ಆದ್ರೂ

ರಾತ್ರಿ ಹತ್ತರ ಮೇಲೆ ಹಾಸ್ಟೆಲ್‌ನ ಎರಡನೇ ಮಹಡಿಯಿಂದ ಟಕ್ ಟಕ್ ಅಂತ ಸದ್ದು ಬಂದ್ರೆ ಗಾಬರಿ ಆಗ್ಬೇಡಿ, ಅದು ನಾನೇ. ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ತುಂಡೊಂದರ ಮೇಲೆ ಒದ್ದೆ ಚರ್ಮ ಇಟ್ಕೊಂಡು ಹೂವು ಕೆತ್ತುತ್ತಾ ಇರ್ತೀನಿ. "ಏನ್ ಮಾಡ್ತಿದೀಯ?" ಅಂತ ಕೇಳಿದವರಿಗೆ "ಕುದುರೆಗೆ ಹಾಲ್ಟರ್" ಅಂತೀನಿ. ಮುಂದಿನ ಪ್ರಶ್ನೆ ಯಾವಾಗಲೂ ಒಂದೇ: "ನಿನ್ನ ಹತ್ರ ಕುದುರೆ ಇದ್ಯಾ?"

ಇಲ್ಲ. ನಮ್ಮೂರು ಮೈಸೂರು. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ಟಾಂಗಾ ಚಾಚಾ ಇದ್ದಾರೆ, ಅವರ ಹತ್ರ ರಾಣಿ ಅನ್ನೋ ಹೆಣ್ಣು ಕುದುರೆ ಇದೆ. ನಾನು ಮಾಡೋದೆಲ್ಲಾ ಅವಳ ಅಳತೆಗೆ. ಜೀನು, ಲಗಾಮು, ಕಡಿವಾಣದ ಪಟ್ಟಿ, ಹಾಲ್ಟರ್, ಇದೆಲ್ಲಕ್ಕೂ ಸೇರಿಸಿ ಚಾಚಾ 'ಸಾಜು' ಅಂತಾರೆ. ಹಾಲ್ಟರ್ ಅಂದ್ರೆ ಬಾಯಲ್ಲಿ ಕಬ್ಬಿಣ ಇಲ್ಲದೆ, ಕುದುರೆಯನ್ನು ಕಟ್ಟಿಹಾಕೋಕೆ ಮತ್ತು ಹಿಡ್ಕೊಂಡು ನಡೆಸೋಕೆ ತಲೆಗೆ ತೊಡಿಸೋ ಪಟ್ಟಿಗಳು: ಮೂಗಿನ ಮೇಲೊಂದು, ಕೆನ್ನೆಗೆ ಎರಡು, ಕಿವಿಗಳ ಹಿಂದೆ ಒಂದು.

ಈ ಕೆತ್ತನೆ ಮತ್ತು ಹೆಣಿಗೆ ನಮ್ಮ ಕಡೆಯದಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಇದು ಸ್ಪೇನಿನವರ ಜೊತೆ ಮೆಕ್ಸಿಕೋಗೆ ಹೋಗಿ, ಅಲ್ಲಿನ ದನ ಕಾಯೋ ಸವಾರರ ಕೈಯಲ್ಲಿ ಬೆಳೆದು, ಕ್ಯಾಲಿಫೋರ್ನಿಯಾ ಮತ್ತು ಅಮೆರಿಕದ ಪಶ್ಚಿಮಕ್ಕೆ ಹತ್ತಿದ ಕೆಲಸ. ಮಾತುಗಳೂ ಕುದುರೆ ಹತ್ತಿ ಬಂದಿವೆ. ಕಡಿವಾಣ ಇಲ್ಲದ ಮೂಗುಪಟ್ಟಿಗೆ ಅವರು 'ಹ್ಯಾಕಮೋರ್' ಅಂತಾರೆ. ಅದು ಸ್ಪ್ಯಾನಿಷ್‌ನ 'ಹಾಕಿಮಾ', ಅದರ ಹಿಂದೆ ಅರಬ್ಬಿ ಪದ. ನಮ್ಮ ಲಗಾಮು, ಜೀನು ಎರಡೂ ಪಾರ್ಸಿಯಿಂದ ಬಂದವು. ಒಂದೇ ಪ್ರಾಣಿ, ಎರಡು ದಿಕ್ಕಿನ ಪ್ರಯಾಣ.

ಶುರುವಿನಲ್ಲೇ ನಾನು ಎಡವಿದ್ದು ಚರ್ಮದಲ್ಲಿ. ಬ್ಯಾಗ್ ಮಾಡೋ ಚರ್ಮ ಅಂತ ಅಂಗಡಿಯಿಂದ ಒಂದು ತುಂಡು ತಂದು, ಎರಡು ಗಂಟೆ ಗುದ್ದಿದೆ. ಒಂದು ಗೆರೆಯೂ ನಿಲ್ಲಲಿಲ್ಲ, ರಬ್ಬರ್ ತರ ವಾಪಸ್ ಎದ್ದು ಬಂತು. ಅದು ಕ್ರೋಮ್ ಲವಣದಲ್ಲಿ ಹದ ಮಾಡಿದ ಚರ್ಮ. ಮೆತ್ತಗಿರುತ್ತೆ, ಬೇಗ ತಯಾರಾಗುತ್ತೆ, ಇವತ್ತು ಮಾರ್ಕೆಟ್‌ನಲ್ಲಿ ಸಿಗೋದು ಹೆಚ್ಚಾಗಿ ಅದೇ. ಕೆತ್ತನೆಗೆ ಬೇಕಾದ್ದು ತೊಗಟೆ, ಕಾಯಿಗಳ ಟ್ಯಾನಿನ್‌ನಲ್ಲಿ ಹದ ಮಾಡಿದ್ದು. ನಮ್ಮ ದಕ್ಷಿಣದಲ್ಲಿ ಅದಕ್ಕೆ ತಂಗಡಿ ತೊಗಟೆ, ಅಳಲೆಕಾಯಿ ಬಳಸ್ತಿದ್ರು. ಅಂಥ ಚರ್ಮ ಒದ್ದೆಯಾದಾಗ ಜೇಡಿಮಣ್ಣಿನ ತರ ಒತ್ತಿದ ಆಕಾರ ಹಿಡಿದು, ಒಣಗಿದ ಮೇಲೂ ಹಾಗೇ ಉಳಿಯುತ್ತೆ. ಅಂಗಡಿಯಲ್ಲಿ ಪತ್ತೆ ಮಾಡೋದು ಸುಲಭ. ಬಣ್ಣ ಹಾಕದ ತುಂಡಿನ ಮೇಲೆ ಒಂದು ಹನಿ ನೀರು ಬಿಡಿ: ಹೀರಿಕೊಂಡು ಕಪ್ಪಾದ್ರೆ ಬಹುಶಃ ನಮ್ಮದು. ಕತ್ತರಿಸಿದ ಅಂಚು ನೀಲಿ ಬೂದು ಬಣ್ಣ ಇದ್ರೆ ಕ್ರೋಮ್.

ಇನ್ನು ನೀರು. ಕೆತ್ತನೆಯ ಅರ್ಧ ಗುಟ್ಟು ನೀರಿನಲ್ಲಿದೆ, ಉಳಿದರ್ಧ ಚಾಕು ಮಸೆಯೋದರಲ್ಲಿ. ಚರ್ಮ ಒದ್ದೆ ಮಾಡಿ, ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ರಾತ್ರಿಯೆಲ್ಲಾ ಬಿಡಬೇಕು. ನೀರು ಮೇಲ್ಮೈಯಲ್ಲಿ ಮಾತ್ರ ನಿಲ್ಲದೆ ಒಳಗಿನ ನಾರಿಗೆಲ್ಲಾ ಸಮನಾಗಿ ಹಂಚಿಹೋಗಬೇಕು. ಬೆಳಿಗ್ಗೆ ತೆಗೆದು ಗಾಳಿಗೆ ಇಟ್ಟರೆ ನಿಧಾನವಾಗಿ ಮೊದಲಿನ ತಿಳಿ ಬಣ್ಣಕ್ಕೆ ತಿರುಗುತ್ತೆ. ಬಣ್ಣ ವಾಪಸ್ ಬಂದಿದೆ, ಆದ್ರೆ ಕೆನ್ನೆಗೆ ಒತ್ತಿಕೊಂಡ್ರೆ ಇನ್ನೂ ತಣ್ಣಗಿದೆ ಅನ್ನೋ ಹೊತ್ತಲ್ಲಿ ಕೂರಬೇಕು. ತುಂಬಾ ಒದ್ದೆಯಿದ್ರೆ ಗುರುತು ಮಸುಕಾಗುತ್ತೆ, ಒಣಗಿದ್ರೆ ಚಾಕು ಎಳೆಯೋಕೆ ಆಗಲ್ಲ. ನನಗೆ ಈ ಹೊತ್ತು ಹಿಡಿಯೋಕೆ ಎರಡು ತಿಂಗಳು ಬೇಕಾಯ್ತು. ಲ್ಯಾಬ್ ಇದ್ದ ದಿನವೇ ಚರ್ಮ ಹದಕ್ಕೆ ಬರೋದು ಯಾಕೋ ಗೊತ್ತಿಲ್ಲ.

ಗೆರೆ ಹಾಕೋಕೆ ಸ್ವಿವೆಲ್ ನೈಫ್ ಅನ್ನೋ ಗಿಡ್ಡ ಚಾಕು. ತೋರುಬೆರಳು ಅದರ ತಲೆಯ ಮೇಲೆ ಕೂತು ಒತ್ತುತ್ತೆ, ಹೆಬ್ಬೆರಳು ಮತ್ತೆ ಮಧ್ಯದ ಬೆರಳು ಹಿಡಿಯನ್ನು ತಿರುಗಿಸ್ತಾವೆ, ಹಾಗಾಗಿ ಕೈ ಎತ್ತದೆ ಸುರುಳಿ ಬರುತ್ತೆ. ಆಮೇಲೆ ಬೆವೆಲರ್ ಅನ್ನೋ ಕಬ್ಬಿಣದ ಅಚ್ಚು ಇಟ್ಟು, ಗೆರೆಯ ಒಂದು ಪಕ್ಕವನ್ನು ಮಾತ್ರ ಗುದ್ದಿ ತಗ್ಗಿಸ್ತಾ ಹೋಗಬೇಕು. ಇನ್ನೊಂದು ಪಕ್ಕ ಎದ್ದು ನಿಂತ ಹಾಗೆ ಕಾಣುತ್ತೆ. ಇಲ್ಲಿ ಚರ್ಮ ತೆಗೆದು ಬಿಸಾಡೋದು ಏನೂ ಇಲ್ಲ. ಹಾಗಾಗಿ ಕೆತ್ತನೆ ಅನ್ನೋ ಮಾತೇ ಸ್ವಲ್ಪ ಸುಳ್ಳು, ಇದು ಒತ್ತನೆ. ಸುತ್ತಿಗೆ ಮರದ್ದೋ ಪ್ಲಾಸ್ಟಿಕ್‌ದೋ ಇರಲಿ, ಕಬ್ಬಿಣದ್ದಾದ್ರೆ ಅಚ್ಚಿನ ತಲೆ ಹಾಳಾಗುತ್ತೆ.

ಹೂವಿನ ಶೈಲಿಗಳಲ್ಲಿ ನನಗೆ ಹುಚ್ಚು ಹಿಡಿಸಿದ್ದು ವಯೋಮಿಂಗ್ ರಾಜ್ಯದ ಶೆರಿಡನ್ ಊರಿನದು. ಅಲ್ಲಿ ಬಳ್ಳಿ ವೃತ್ತ ವೃತ್ತವಾಗಿ ಸುತ್ತುತ್ತೆ, ಪ್ರತಿ ವೃತ್ತದ ಮಧ್ಯ ಒಂದು ಪುಟ್ಟ ಹೂವು, ಜಾಗ ಖಾಲಿ ಬಿಡೋದೇ ಇಲ್ಲ. ಇದಕ್ಕೆ ಹೆಸರು ತಂದವರು ಡಾನ್ ಕಿಂಗ್ ಅನ್ನೋ ಜೀನು ತಯಾರಕರು. 1991ರಲ್ಲಿ ಅಮೆರಿಕ ಸರ್ಕಾರದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಅವರಿಗೆ ಬಂತು. ಅವರ ಕೆಲಸದ ಫೋಟೋ ದೊಡ್ಡದು ಮಾಡಿ ನೋಡಿ, ಎರಡು ಬಳ್ಳಿ ದಾಟೋ ಕಡೆ ಯಾವುದು ಮೇಲೆ ಯಾವುದು ಕೆಳಗೆ ಅನ್ನೋದು ಎಲ್ಲೂ ತಪ್ಪಿಲ್ಲ.

ನಾನೂ ಅದನ್ನೇ ಮಾಡೋಕೆ ಹೋದೆ. ಕಳೆದ ವರ್ಷ ದಸರಾ ರಜೆಯಲ್ಲಿ ರಾಣಿಗೆ ಮೊದಲ ಹಾಲ್ಟರ್. 3 ಮಿ.ಮೀ. ದಪ್ಪದ ಒಂದೇ ಪದರದ ಪಟ್ಟಿ, ಉದ್ದಕ್ಕೂ ಬಳ್ಳಿ, ಬಕಲ್ ತೂತಿನವರೆಗೂ ಹೂವು. ತೂತು ಹೊಡೆಯೋ ಪಂಚ್ ಇರಲಿಲ್ಲ, ಚಾಕುವಿನ ತುದಿಯಿಂದ ಸೀಳಿದೆ. ಚಾಚಾ ನೋಡಿ ತುಂಬಾ ಖುಷಿಪಟ್ರು, ತೊಡಿಸಿದ್ರು, ಬೀದಿಯಲ್ಲಿದ್ದವರೆಲ್ಲಾ ಫೋಟೋ ತೆಗೆದ್ರು. ಮೂರನೇ ದಿನ ಒಂದು ಲಾರಿ ಪಕ್ಕದಲ್ಲೇ ಹಾರ್ನ್ ಹೊಡೀತು. ರಾಣಿ ತಲೆ ಎತ್ತಿ ಒಂದು ಜಗ್ಗು ಜಗ್ಗಿದಳು, ಪಟ್ಟಿ ತೂತಿನ ಹತ್ರ ಕಾಗದದ ಹಾಗೆ ಹರೀತು. ಅವಳು ಮುಖ್ಯರಸ್ತೆ ಕಡೆ ಓಡಿದಳು. ಚಾಚಾ ಹಿಂದೆ ಕೂಗುತ್ತಾ, ಅವರ ಹಿಂದೆ ನಾನು. ಬಸ್ಸೊಂದು ನಿಂತಿತು, ಅವಳೂ ನಿಂತಳು. ಯಾರಿಗೂ ಏನೂ ಆಗಲಿಲ್ಲ. ಚಾಚಾ ಬೈಯಲಿಲ್ಲ. "ಹೂವು ಚೆನ್ನಾಗಿತ್ತು ಬೇಟಾ" ಅಂದ್ರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹರಿದ ತುಂಡನ್ನ ಹಾಸ್ಟೆಲ್‌ಗೆ ತಂದು ಭೂತಗನ್ನಡಿಯಲ್ಲಿ ನೋಡಿದೆ. ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆಲ್ಲಾ ಅಲ್ಲಿತ್ತು. ಎಳೆತದಲ್ಲಿರೋ ಅಗಲವಾದ ತಗಡಿನಲ್ಲಿ ದುಂಡು ತೂತು ಇದ್ರೆ ಅದರ ಅಂಚಿನಲ್ಲಿ ಒತ್ತಡ ಸುಮಾರು 3 ಪಟ್ಟು ಅಂತ ಓದಿದ್ದೀವಲ್ಲ. ಚರ್ಮ ತಗಡಲ್ಲ, ನಾರಿನ ಜಾಲ, ಲೆಕ್ಕ ಹಾಗೇ ಅನ್ವಯ ಆಗಲ್ಲ. ಆದ್ರೆ ಚೂಪು ತುದಿಯ ಸೀಳು ದುಂಡು ತೂತಿಗಿಂತ ಅಪಾಯ ಅನ್ನೋದು ಇಲ್ಲೂ ನಿಜ. ಇನ್ನೊಂದು ತಪ್ಪು ಚಾಕುವಿನ ಆಳ. ಗೆರೆ ದಪ್ಪದ ಮೂರನೇ ಒಂದು ಭಾಗ, ಹೆಚ್ಚಂದ್ರೆ ಅರ್ಧ ಇಳಿಯಬಹುದು. ನನ್ನದು ಅರ್ಧ ದಾಟಿತ್ತು. ಅದರಲ್ಲೂ ಒಂದು ಎಲೆಯ ಗೆರೆ ಪಟ್ಟಿಗೆ ಅಡ್ಡಡ್ಡ ಹೋಗಿ ಸರಿಯಾಗಿ ತೂತಿಗೆ ಮುಟ್ಟಿತ್ತು. ಹರಿಯೋಕೆ ನಾನೇ ದಾರಿ ಬರೆದು ಕೊಟ್ಟಿದ್ದೆ. ತಿಳಿದವರು ಕೆತ್ತಿದ ಪಟ್ಟಿಯ ಹಿಂದೆ ಕೆತ್ತದ ಇನ್ನೊಂದು ಪದರ ಸೇರಿಸಿ ಹೊಲೀತಾರೆ, ಎಳೆತ ಅದರ ಮೇಲೂ ಬೀಳುತ್ತೆ. ಪಟ್ಟಿಯನ್ನ ಪ್ರಾಣಿಯ ಬೆನ್ನಿನ ಭಾಗದಿಂದ, ಬೆನ್ನುಮೂಳೆಯ ಉದ್ದಕ್ಕೆ ಕತ್ತರಿಸ್ತಾರೆ. ಹೊಟ್ಟೆ ಭಾಗದ ಚರ್ಮ ಸಡಿಲ, ಎಳೆದಷ್ಟೂ ಹಿಗ್ಗುತ್ತೆ. ನಂದು ಎಲ್ಲಿಯದೋ ದೇವರಿಗೇ ಗೊತ್ತು.

ಆಮೇಲೆ ನಾನು ಹೆಣಿಗೆಗೆ ಬಂದೆ. ಒಂದೇ ಪಟ್ಟಿಯಲ್ಲಿ ಒಂದು ಕಡೆ ಸೀಳು ಬಿದ್ದರೆ ಅದು ಈ ಅಂಚಿನಿಂದ ಆ ಅಂಚಿಗೆ ಓಡುತ್ತೆ. ಹೆಣೆದದ್ದರಲ್ಲಿ ಸೀಳು ಒಂದು ಎಳೆಯ ಅಂಚಿಗೆ ಬಂದು ನಿಲ್ಲುತ್ತೆ, ಮುಂದಿನ ಎಳೆಗೆ ದಾಟೋಕೆ ಸೇತುವೆ ಇಲ್ಲ. ಒಂದು ಎಳೆ ಹೋದದ್ದು ಕಣ್ಣಿಗೂ ಕಾಣುತ್ತೆ, ರಿಪೇರಿಗೆ ಟೈಮ್ ಸಿಗುತ್ತೆ. ಎರಡು ಸೂಜಿಯ ಜೀನು ಹೊಲಿಗೆಯ ಲಾಜಿಕ್ ಕೂಡ ಹೀಗೇ. ಪ್ರತಿ ತೂತಿನಲ್ಲೂ ದಾರದ ಎರಡೂ ತುದಿ ಎದುರುಬದುರು ದಾಟುತ್ತವೆ, ಒಂದು ಕಡೆ ಸವೆದು ಕಿತ್ತರೂ ಇನ್ನೊಂದು ಹಿಡ್ಕೊಂಡಿರುತ್ತೆ.

ಮೆಕ್ಸಿಕೋ, ಕ್ಯಾಲಿಫೋರ್ನಿಯಾದವರು ಹೆಣಿಯೋದು ಹದ ಮಾಡದ ಹಸಿ ತೊಗಲನ್ನ. ಕೂದಲು ತೆಗೆದು, ಒಣಗಿಸಿ, ದಾರವಾಗಿ ಕತ್ತರಿಸಿ, ಮತ್ತೆ ನೆನೆಸಿ ಹೆಣೀತಾರೆ. ಒಣಗಿದ ಮೇಲೆ ಕಡ್ಡಿ ತರ ಬಿಗಿ. ನಮ್ಮ ರೈತರ ಮಿಣಿಯೂ ತೊಗಲಿನದೇ, ತಾತನನ್ನ ಕೇಳಿದ್ರೆ ಗೊತ್ತಿರುತ್ತೆ. ದನಕ್ಕೆ ಎಸೆಯೋ ಅವರ ಉದ್ದ ಹಗ್ಗ 'ರಿಯಾಟಾ' ಸಾಮಾನ್ಯವಾಗಿ 4 ಎಳೆ. ಈ ಕೆಲಸದಲ್ಲಿ ಲೂಯಿಸ್ ಒರ್ಟೆಗಾ ಅನ್ನೋ ಕ್ಯಾಲಿಫೋರ್ನಿಯಾದವರ ಹೆಸರು ದೊಡ್ಡದು, ಅವರಿಗೂ 1986ರಲ್ಲಿ ಅದೇ ಫೆಲೋಶಿಪ್ ಸಿಕ್ಕಿತ್ತು. ಬ್ರೂಸ್ ಗ್ರಾಂಟ್ 1972ರಲ್ಲಿ ತಂದ ಹೆಣಿಗೆಯ ವಿಶ್ವಕೋಶ ಇಂದಿಗೂ ಕಲಿಯೋರ ಕೈಪಿಡಿ.

ಅಷ್ಟುದ್ದ ದಾರ ಒಂದು ತೊಗಲಿನಿಂದ ಹೇಗೆ ಬರುತ್ತೆ ಅಂತ ನನಗೂ ಅನುಮಾನ ಇತ್ತು. ದುಂಡಗೆ ಕತ್ತರಿಸಿ, ಹೊರಗಿಂದ ಒಳಕ್ಕೆ ಸುರುಳಿಯಾಗಿ, ಚಕ್ಕುಲಿ ಬಿಚ್ಚಿದ ಹಾಗೆ ಕೊಯ್ತಾ ಹೋಗ್ತಾರೆ. ಲೆಕ್ಕ ಮಾಡಿ: ವ್ಯಾಸ 30 ಸೆಂ.ಮೀ. ಅಂದ್ರೆ ವಿಸ್ತೀರ್ಣ ಸುಮಾರು 707 ಚದರ ಸೆಂ.ಮೀ. ದಾರದ ಅಗಲ ಅರ್ಧ ಸೆಂ.ಮೀ. ಆದ್ರೆ ಉದ್ದ 14 ಮೀಟರ್! ಒಂದು ಊಟದ ತಟ್ಟೆಯಷ್ಟು ಚರ್ಮದಿಂದ.

ನೀವು ಇವತ್ತೇ ಮಾಡಿ ನೋಡಬಹುದಾದದ್ದು ಒಂದಿದೆ. ಹಳೇ ಬೆಲ್ಟ್‌ನ ತುಂಡಿನಲ್ಲಿ, ಎರಡೂ ತುದಿ ಹಾಗೇ ಬಿಟ್ಟು, ಮಧ್ಯದಲ್ಲಿ ಉದ್ದಕ್ಕೆ ಎರಡು ಸೀಳು ಹಾಕಿ. ಮೂರು ಎಳೆ ಆಯ್ತು, ಆದ್ರೆ ಮೇಲೂ ಕೆಳಗೂ ಅಂಟಿಕೊಂಡಿದೆ. ಇದನ್ನ ಅಮ್ಮ ಜಡೆ ಹಾಕೋ ಹಾಗೆ ಹೆಣೆಯೋಕೆ ಆಗುತ್ತಾ? ತುದಿ ಬಿಡಿಯಾಗಿಲ್ಲ, ಆಗಲ್ಲ ಅನ್ಸುತ್ತೆ. ಆಗುತ್ತೆ. ಮೇಲಿಂದ ಹೆಣೀತಾ ಹೋದ್ರೆ ಕೆಳಗೆ ತದ್ವಿರುದ್ಧ ಗೋಜಲು ಬೆಳೆಯುತ್ತೆ. ಆಗಾಗ ಕೆಳಗಿನ ತುದಿಯನ್ನೇ ಎಳೆಗಳ ನಡುವಿನ ಸಂದಿಯಲ್ಲಿ ತೂರಿಸಿ ಹೊರತೆಗೆದ್ರೆ ಗೋಜಲು ಬಿಡಿಸಿಕೊಳ್ಳುತ್ತೆ. ಒಟ್ಟು 6 ದಾಟು ಮುಗಿದಾಗ ಎಲ್ಲಾ ಚಪ್ಪಟೆ, ಜಡೆ ಮಾತ್ರ ಉಳಿದಿರುತ್ತೆ. ಉದ್ದ ಜಾಸ್ತಿ ಇದ್ರೆ 12, 18, ಹೀಗೆ. ಯಾಕೆ 6? ಮೂರು ಎಳೆಗಳಲ್ಲಿ ಜೋಡಿಗಳು ಮೂರು. 6 ದಾಟಿನಲ್ಲಿ ಪ್ರತಿ ಜೋಡಿ ಎರಡು ಸಲ ದಾಟುತ್ತೆ, ಆ ಎರಡು ತಿರುವುಗಳು ವಿರುದ್ಧ ದಿಕ್ಕಿನವು, ಕೂಡಿಸಿದ್ರೆ ಸೊನ್ನೆ. ಮೂರೂ ಎಳೆ ತಮ್ಮ ತಮ್ಮ ಜಾಗಕ್ಕೆ ವಾಪಸ್ ಬಂದಿರುತ್ತವೆ. ಜಡೆಗಳಿಗೆ ಒಂದು ಬೀಜಗಣಿತವೇ ಇದೆ, ಎಮಿಲ್ ಆರ್ಟಿನ್ 1925ರಲ್ಲಿ ಅದನ್ನ ಬರೆದು ಇಟ್ಟರು. ಒಂದು ಎಚ್ಚರಿಕೆ: ಹೆಣೆದ ಮೇಲೆ ಪಟ್ಟಿ ಗಿಡ್ಡ ಆಗುತ್ತೆ. ನನ್ನ 30 ಸೆಂ.ಮೀ. ತುಂಡು 26ಕ್ಕೆ ಇಳಿದಿತ್ತು.

ಅಂದ್ರೆ ಗಟ್ಟಿಯಾಗಿ ಹೆಣೆದುಬಿಟ್ಟರೆ ಮುಗೀತಾ? ನಾನೂ ಹಾಗೇ ಅಂದ್ಕೊಂಡು, ಎರಡನೇ ಹಾಲ್ಟರ್‌ನ ಕಿವಿ ಹಿಂದಿನ ಪಟ್ಟಿಯನ್ನೂ 8 ಎಳೆಯಲ್ಲಿ ಹೆಣೆದು ಚಾಚಾಗೆ ತೋರಿಸಿದೆ. ಅವರು ಕೈಯಲ್ಲಿ ಹಿಡಿದು ಜಗ್ಗಿ, ತಲೆ ಅಲ್ಲಾಡಿಸಿ, ನನ್ನನ್ನ ಲಾಯಕ್ಕೆ ಕರ್ಕೊಂಡು ಹೋದ್ರು. ಗೋಡೆಯ ಬಳೆಗೆ ರಾಣಿಯ ಹಗ್ಗ ನೇರವಾಗಿ ಕಟ್ಟಿರಲಿಲ್ಲ. ಮಧ್ಯೆ ಒಂದು ಸಣ್ಣ ಸೆಣಬಿನ ದಾರದ ಕುಣಿಕೆ ಇತ್ತು. "ರಾತ್ರಿ ಕಾಲು ಸಿಕ್ಕಾಕ್ಕೊಂಡ್ರೆ ದಾರ ಹೋಗ್ಬೇಕು, ಕತ್ತು ಹೋಗ್ಬಾರ್ದು" ಅಂದ್ರು. ಫ್ಯೂಸ್! ನಾನು ಎರಡು ವರ್ಷ ಎಲೆಕ್ಟ್ರಿಕಲ್ ಓದಿ ನೋಡದೇ ಇದ್ದದ್ದು ಆ ಗೋಡೆಯ ಮೇಲೆ ನೇತಾಡ್ತಾ ಇತ್ತು. ಹೆದರಿದ ಕುದುರೆ ಸಿಕ್ಕಿಕೊಂಡರೆ ಪೂರ್ತಿ ಮೈಭಾರ ಹಾಕಿ ಹಿಂದಕ್ಕೆ ಎಳೆಯುತ್ತೆ. ನೈಲಾನ್ ಹಾಲ್ಟರ್ ಹರಿಯಲ್ಲ, ಪೆಟ್ಟೆಲ್ಲಾ ಕುದುರೆಯ ತಲೆ, ಕತ್ತಿಗೆ. ಅದಕ್ಕೇ ಬಿಟ್ಟು ಮೇಯಿಸೋ ಕುದುರೆಗೆ ಚರ್ಮದ ಹಾಲ್ಟರ್, ಇಲ್ಲಾ ಕಿವಿ ಹಿಂದೆ ತೆಳು ಚರ್ಮದ ಪಟ್ಟಿ ಇರೋದು ಒಳ್ಳೇದು ಅಂತಾರೆ. ಲಗಾಮು ಮಾತ್ರ ಬೇರೆ ಕಥೆ. ಟಾಂಗಾದಲ್ಲಿ ಜನ ಕೂತಿದ್ದಾಗ ಅದು ಹರಿಯಲೇಬಾರದು.

ಹಾಗಾಗಿ ಈಗ ರಾಣಿ ಹಾಕ್ಕೊಂಡಿರೋದು ಮೂರನೆಯದು. ಮೂಗುಪಟ್ಟಿ ಎರಡು ಪದರ, ಮೇಲಿನದರಲ್ಲಿ ಹೂವು. ಕೆನ್ನೆಯಲ್ಲಿ ಹೆಣಿಗೆ. ಕಿವಿ ಹಿಂದೆ ಒಂದೇ ಪದರದ ತೆಳು ಪಟ್ಟಿ, ದುಂಡು ತೂತು, ಹೋದ್ರೆ ಅದೊಂದೇ ಬದಲಿಸೋ ಹಾಗೆ ಬಕಲ್. ಮೊದಲನೆಯದೂ ಹರಿದಿತ್ತು, ಇದೂ ಹರಿಯಬಹುದು. ಇದು ಎಲ್ಲಿ ಹರಿಯುತ್ತೆ ಅಂತ ನನಗೆ ಗೊತ್ತು.

ಪಟ್ಟಿಯ ಅಂಚು ತೆಳು ಮಾಡೋದನ್ನ ನನಗೆ ಕಲಿಸಿದವರು ಕಾಲೇಜ್ ಗೇಟ್ ಹೊರಗೆ ಚಪ್ಪಲಿ ಹೊಲಿಯೋ ಅಣ್ಣ. ಅವರು ರಂಪಿಗೆ ಹಿಡಿದು ಒಂದೇ ಎಳೆತಕ್ಕೆ ಮಾಡೋದು, ನಾನು ಐದು ಸಲ ಪ್ರಯತ್ನಿಸಿ ಕೈ ಕುಯ್ಕೊಂಡು ಮಾಡ್ತೀನಿ. ನಾನು ಇದನ್ನ ಹವ್ಯಾಸ ಅಂತೀನಿ, ಜನ "ವಾವ್" ಅಂತಾರೆ. ಅವರ ಮನೆಯವರಿಗೆ ಇದೇ ಕೆಲಸಕ್ಕೆ ತಲೆಮಾರುಗಳಿಂದ ಏನು ಸಿಕ್ಕಿದೆ ಅಂತ ನಮಗೆಲ್ಲಾ ಗೊತ್ತು. ಒಂದು ದಿನ ಅವರು "ನನ್ನ ಮಗನ್ನ ಇದಕ್ಕೆ ಹಾಕಲ್ಲ ಕಣಪ್ಪ" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಇದೇ ಕೆಲಸ ಕಾನ್ಪುರದಲ್ಲಿ ದೊಡ್ಡ ಉದ್ಯಮ. ಅಲ್ಲಿನ ಜೀನು, ಲಗಾಮು ಹೊರದೇಶಗಳಿಗೆ ಹೋಗುತ್ತವೆ, ಜಿಐ ಟ್ಯಾಗ್ ಕೂಡ ಇದೆ.

ಶುರು ಮಾಡಬೇಕು ಅನ್ನಿಸಿದವರು ಕುದುರೆ ಹುಡುಕೋ ಮೊದಲು ಒಂದು ಕೀ ಚೈನ್ ಹೆಣೆಯಿರಿ. ಗ್ರಾನೈಟ್ ತುಂಡು ಬೇಕಿದ್ರೆ ನನ್ನ ರೂಮಿಗೆ ಬನ್ನಿ, ಎರಡು ಇವೆ. ಮುಂದಿನ ವಾರ ನಾನು ಊರಿಗೆ ಹೋಗ್ತೀನಿ. ಕಿವಿ ಹಿಂದಿನ ಪಟ್ಟಿಯನ್ನ ಬಗ್ಗಿಸಿದಾಗ ಸಣ್ಣ ಬಿರುಕು ಕಾಣ್ತಿದೆ ಅಂತ ಚಾಚಾ ಫೋನ್ ಮಾಡಿದ್ರು. ಹೊಸದು ಕತ್ತರಿಸಿ ಇಟ್ಟಿದ್ದೀನಿ. ಅದರ ಮೇಲೆ ಹೂವಿಲ್ಲ.