ಹತ್ತೊಂಬತ್ತನೇ ಗೇಟಿನ ಉಕ್ಕು

ಗಬ್ಬೂರಿನಿಂದ ದಕ್ಷಿಣಕ್ಕೆ ಮಾನ್ವಿಯತ್ತ ಸಾಗಿದರೆ ತುಂಗಭದ್ರಾ ಎಡದಂಡೆ ಕಾಲುವೆ ನಂಬಿದ ಭತ್ತದ ಗದ್ದೆಗಳು ಸಿಗುತ್ತವೆ. 2024ರ ಆಗಸ್ಟ್ 10ರ ರಾತ್ರಿ ಈ ಸೀಮೆಯ ರೈತರ ನಿದ್ದೆ ಕೆಡಿಸಿದ್ದು ಒಂದು ಸರಪಳಿ. ಹೊಸಪೇಟೆಯ ತುಂಗಭದ್ರಾ ಜಲಾಶಯ ತುಂಬಿ ನಿಂತಿದ್ದಾಗಲೇ ಆ ಸರಪಳಿ ತುಂಡಾಯಿತು, 19ನೇ ಕ್ರಸ್ಟ್ ಗೇಟು ಕೊಚ್ಚಿಹೋಯಿತು.

60 ಅಡಿ ಅಗಲ, 20 ಅಡಿ ಎತ್ತರದ ಆ ಗೇಟಿನ ಮೇಲೆ ನೀರು ಒತ್ತುವ ಭಾರ ಲೆಕ್ಕ ಹಾಕಿ ನೋಡಿದೆ: ಹತ್ತಿರ ಹತ್ತಿರ 340 ಟನ್! ಅಷ್ಟನ್ನು ತಡೆಯುವುದು ತಗಡು ಮತ್ತು ಅದರ ಬೆನ್ನಿಗಿರುವ ತೊಲೆಗಳು. ತುಕ್ಕಿನ ಮೋಸ ಇರುವುದೇ ಇಲ್ಲಿ. 10 ಮಿ.ಮೀ. ತಗಡು 7ಕ್ಕೆ ಸವೆದರೆ ಮೂರರಲ್ಲೊಂದು ಪಾಲೂ ಹೋಗಲಿಲ್ಲ ಎಂದು ನಮಗನ್ನಿಸುತ್ತದೆ. ಆದರೆ ಬಾಗುವಿಕೆಯನ್ನು ತಾಳುವ ಬಲ ದಪ್ಪದ ವರ್ಗಕ್ಕೆ ಅನುಗುಣ. ಉಳಿಯುವುದು ಅರ್ಧ ಬಲ ಮಾತ್ರ.

ಆದ್ದರಿಂದ ಉಕ್ಕನ್ನು ಕಣ್ಣಳತೆಯಲ್ಲಿ ನಂಬುವಂತಿಲ್ಲ. ತುಕ್ಕು, ಬಣ್ಣ ಕೆರೆದು, ಶ್ರವಣಾತೀತ ಧ್ವನಿಯನ್ನು ಒಳಕ್ಕೆ ಹಾಯಿಸಿ, ಅದು ಮರಳುವ ಹೊತ್ತಿನಿಂದ ಉಳಿದ ದಪ್ಪ ಅಳೆಯುತ್ತಾರೆ. ಬೆಸುಗೆಯ ಕೂದಲೆಳೆ ಬಿರುಕು ಹುಡುಕಲು ಬಣ್ಣದ ದ್ರವ ಸವರಿ ಒರೆಸುತ್ತಾರೆ. ಬಿರುಕಿದ್ದರೆ ಬಣ್ಣ ಮತ್ತೆ ಜಿನುಗುತ್ತದೆ. ಇದು ಅತಿ ಎಚ್ಚರವಲ್ಲ. 1980ರ ಮಾರ್ಚ್ 27ರಂದು ಉತ್ತರ ಸಮುದ್ರದಲ್ಲಿ ಅಲೆಕ್ಸಾಂಡರ್ ಕೀಲ್ಯಾಂಡ್ ತೇಲುವೇದಿಕೆ ಮಗುಚಿ 123 ಜನ ಸತ್ತರು. ಮೂಲ, ಒಂದು ಆಸರೆ ಕೊಳವೆಗೆ ಚಿಕ್ಕ ಉಪಕರಣ ಕೂರಿಸಲು ಹಾಕಿದ್ದ 6 ಮಿ.ಮೀ. ಬೆಸುಗೆ. ಅಲೆ ಬಡಿದಂತೆಲ್ಲ ಅಲ್ಲಿಂದ ಬಿರುಕು ಬೆಳೆದಿತ್ತು.

ದೋಷ ಸಿಕ್ಕಮೇಲೆ ರಿಪೇರಿ. ಕಡಲಿನ ಎಣ್ಣೆ ವೇದಿಕೆಗಳಲ್ಲಿ ಹಡಗು ತಾಗಿ ಕೊಳವೆ ತಗ್ಗಾದರೆ ಒಳಗೆ ಸಿಮೆಂಟು ಗಾರೆ ತುಂಬಿಸುತ್ತಾರೆ. ತಗ್ಗು ಇನ್ನಷ್ಟು ಕುಸಿಯದಂತೆ ಗಾರೆ ಒಳಗಿನಿಂದ ಒತ್ತಿ ಹಿಡಿಯುತ್ತದೆ. ಬಿರುಕುಬಿಟ್ಟ ಕೀಲಿಗೆ, ಮುರಿದ ಕೈಗೆ ದಬ್ಬೆ ಕಟ್ಟಿದಂತೆ, ಎರಡು ಹೋಳಿನ ಉಕ್ಕಿನ ಪಟ್ಟಿ ಬಿಗಿಯುತ್ತಾರೆ. ಹೊರೆಗೆ ಬೇರೊಂದು ದಾರಿ ಸಿಕ್ಕರೆ ಗಾಯಗೊಂಡ ಅಂಗ ಬದುಕೀತು.

ಆದರೆ ಹೊಸಪೇಟೆಯಲ್ಲಿ ರಿಪೇರಿಗೆ ಗೇಟೇ ಇರಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಧುಮ್ಮಿಕ್ಕುವ ನೀರಿನಲ್ಲೇ ಉಕ್ಕಿನ ಐದು ಸ್ಟಾಪ್ ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿದರು. ಆಗಸ್ಟ್ 17ರ ಹೊತ್ತಿಗೆ ಬಾಯಿ ಮುಚ್ಚಿತು. ಹಗಲಿರುಳು ದುಡಿದ ಆ ಕೆಲಸಗಾರರಿಗೆ ನಮ್ಮ ಸೀಮೆ ಋಣಿ.

ಸವೆದ ಗೇಟುಗಳಿಗೆ ತೇಪೆ ಸಾಲದು ಎಂದು ತಜ್ಞರ ಸಮಿತಿ 33 ಗೇಟುಗಳನ್ನೂ ಬದಲಿಸಲು ಹೇಳಿತು. ಹಾಗಾಗಿ 105 ಟಿಎಂಸಿ ಹಿಡಿಯುವ ಜಲಾಶಯದಲ್ಲಿ 2025ರ ಮಳೆಗಾಲಕ್ಕೆ 80 ಟಿಎಂಸಿಯೇ ಮಿತಿಯಾಯಿತು. ಸವೆದ ಉಕ್ಕಿನ ಲೆಕ್ಕ ಹೀಗೆ ಕಾಲುವೆಯ ಕೊನೆಯ ಗದ್ದೆಯವರೆಗೂ ಹರಿಯಿತು.