ಎರೆಮೀನಿನ ತಾಜಾತನ ಮತ್ತು ಮಂಜುಗಡ್ಡೆಯ ಲೆಕ್ಕ
ಘಟಪ್ರಭಾ ತೀರದ ಬಾಳೆ ಮೀನುಗಾರಿಕೆಯನ್ನು ಕುರಿತು ಒಂದು ವಿವರಣೆ

ಗೋಕಾಕ ಎಂದೊಡನೆ ನಮ್ಮ ವಾಣಿಜ್ಯ ಬಂಧುಗಳಿಗೆ ನೆನಪಾಗುವುದು ಕರದಂಟು ಹಾಗೂ 1885ರಲ್ಲಿ ಸ್ಥಾಪನೆಗೊಂಡ ನೂಲಿನ ಗಿರಣಿ. ಮೂಡಲಗಿ ಎಂದರೆ ಕಬ್ಬು, ಬೆಲ್ಲ. ಹುಕ್ಕೇರಿ ಎಂದರೆ ಹಿಡಕಲ್ ಜಲಾಶಯ. ಈ ಮೂರೂ ತಾಲೂಕುಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿರುವ ಘಟಪ್ರಭಾ ನದಿಯಲ್ಲಿ ನಡೆಯುವ ಮೀನುಗಾರಿಕೆ ಮಾತ್ರ ನಮ್ಮ ವ್ಯಾಪಾರದ ಚರ್ಚೆಗಳಲ್ಲಿ ಅಪರೂಪವಾಗಿ ಪ್ರಸ್ತಾಪವಾಗುತ್ತದೆ. ಕರದಂಟು ವಾರಗಟ್ಟಲೆ ಕೆಡದೆ ಉಳಿಯುವ ಸರಕು. ಮೀನು ಹಾಗಲ್ಲ, ಅದರಲ್ಲಿಯೂ ಗಾಳಕ್ಕೆ ಸಿಕ್ಕಿಸುವ ಸಣ್ಣ ಎರೆಮೀನು ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ನಿರುಪಯುಕ್ತವಾಗುತ್ತದೆ. ಈ ಸಣ್ಣ ಸರಕನ್ನು ಕಾಪಾಡಿಕೊಳ್ಳುವ ಕ್ರಮವನ್ನು, ಅದರ ಹಿಂದಿರುವ ಲೆಕ್ಕಾಚಾರವನ್ನು ಇಲ್ಲಿ ವಿವರಿಸಲಾಗಿದೆ.

ಬಾಳೆ ಮೀನು ಮತ್ತು ಅದರ ಎರೆ

ರಾಜಾ ಲಖಮಗೌಡ ಅಣೆಕಟ್ಟೆಯಿಂದ ನಿರ್ಮಿತವಾದ ಹಿಡಕಲ್ ಜಲಾಶಯದ ಸಂಗ್ರಹಣಾ ಸಾಮರ್ಥ್ಯ ಸುಮಾರು 51 ಟಿ.ಎಂ.ಸಿ. ಅಲ್ಲಿಂದ ಕೆಳಗೆ 1897ರಲ್ಲಿ ನಿರ್ಮಾಣಗೊಂಡ ಧೂಪದಾಳದ ಒಡ್ಡು, ಗೋಕಾಕದ ಜಲಪಾತ, ಮುಂದೆ ಮೂಡಲಗಿ ತಾಲೂಕಿನ ಸುಣಧೋಳಿ, ಅವರಾದಿ ಕಡೆಯ ನದಿಪಾತ್ರ – ಹೀಗೆ ನಿಂತ ನೀರು, ಹರಿವ ನೀರು ಎರಡೂ ಇಲ್ಲಿವೆ. ಕಾಟ್ಲಾ, ರೋಹು ಮುಂತಾದ ಗೆಂಡೆ ಜಾತಿಯ ಮೀನುಗಳನ್ನು ಸಾಮಾನ್ಯವಾಗಿ ಬಲೆಯಿಂದ ಹಿಡಿಯುತ್ತಾರೆ. ಆದರೆ ಬಾಳೆ ಮೀನಿನಂತಹ ಮೀಸೆಮೀನುಗಳಿಗೆ ಗಾಳವೂ ಒಂದು ಪರಿಣಾಮಕಾರಿ ಸಾಧನ. ಉದ್ದನೆಯ ಹಗ್ಗಕ್ಕೆ ಗಾಳಗಳನ್ನು ಸಾಲಾಗಿ ಕಟ್ಟಿ, ಸಣ್ಣ ಮೀನನ್ನು ಎರೆಯಾಗಿ ಸಿಕ್ಕಿಸಿ, ಸಂಜೆ ನೀರಿಗೆ ಬಿಟ್ಟು ಬೆಳಗಿನ ಜಾವ ಎತ್ತುವುದು ಇದರ ಪದ್ಧತಿ.

ಬಾಳೆ ಮೀನು ಒಂದು ಮೀಟರಿಗೂ ಮಿಕ್ಕಿ ಬೆಳೆಯಬಲ್ಲದು. ಅದಕ್ಕೆ ಹುರುಪೆಯಿಲ್ಲ, ಮಾಂಸದಲ್ಲಿ ಸಣ್ಣ ಮುಳ್ಳುಗಳ ಕಾಟವೂ ಕಡಿಮೆ. ಆದುದರಿಂದ ಖಾನಾವಳಿಗಳು ಹಾಗೂ ಗೃಹಿಣಿಯರು ಅದನ್ನು ಮೆಚ್ಚುತ್ತಾರೆ. ರಾತ್ರಿ ವೇಳೆ ಸಂಚರಿಸುವ ಈ ಮೀನು ಬೇಟೆಗಾರ ಜಾತಿಯದು. ಮೀಸೆಮೀನುಗಳ ಮೀಸೆ ಹಾಗೂ ಮೈಯ ಮೇಲೆಲ್ಲ ರುಚಿಯನ್ನು ಗ್ರಹಿಸುವ ಸೂಕ್ಷ್ಮ ಅಂಗಗಳಿರುತ್ತವೆ. ನೀರಿನಲ್ಲಿ ಕರಗಿ ಬರುವ ಅಮೈನೋ ಆಮ್ಲಗಳ ಜಾಡು ಹಿಡಿದು ಅವು ಕತ್ತಲೆಯಲ್ಲಿಯೂ ಆಹಾರವನ್ನು ಪತ್ತೆ ಹಚ್ಚುತ್ತವೆ.

ಮೀಸೆಮೀನಿಗೆ ಕೊಳೆತ ಎರೆಯೇ ಮೇಲು ಎಂಬ ನಂಬಿಕೆ ಕೆಲವರಲ್ಲಿದೆ. ಸಿಕ್ಕಿದ್ದನ್ನೆಲ್ಲ ತಿನ್ನುವ ಜಾತಿಗಳ ಮಟ್ಟಿಗೆ ಅದು ಸ್ವಲ್ಪ ನಿಜವಿರಬಹುದು. ಆದರೆ ಜೀವಂತ ಮೀನನ್ನು ಬೇಟೆಯಾಡುವ ಬಾಳೆ ಮೀನಿಗೆ ಈ ಮಾತು ಹೊಂದುವುದಿಲ್ಲ. ಮೇಲಾಗಿ ಕೆಟ್ಟ ಎರೆಯ ಮಾಂಸ ಮೆತ್ತಗಾಗಿ, ನೀರಿನ ಸೆಳೆತಕ್ಕೆ ಗಾಳದಿಂದ ಕಳಚಿ ಹೋಗುತ್ತದೆ. ನೂರು ಗಾಳಗಳ ಸಾಲಿನಲ್ಲಿ ಇಪ್ಪತ್ತು ಗಾಳಗಳು ಮಧ್ಯರಾತ್ರಿಯೊಳಗೆ ಬರಿದಾದರೆ ಆ ರಾತ್ರಿಯ ದುಡಿಮೆಯ ಐದನೆಯ ಒಂದು ಭಾಗ ನಷ್ಟವಾದಂತೆಯೇ ಸರಿ. ದೋಣಿ, ಹಗ್ಗ, ನಿದ್ದೆಗೆಟ್ಟ ಆಳಿನ ಕೂಲಿ – ಯಾವುದೂ ಇದರಿಂದ ಕಡಿಮೆಯಾಗುವುದಿಲ್ಲ.

ಮೀನು ಕೆಡುವುದು ಹೇಗೆ?

ಮೀನು ಸತ್ತ ಮೇಲೆ ಮೊದಲು ಅದರ ಮೈ ಸೆಟೆದು ಬಿಗಿಯಾಗುತ್ತದೆ. ಅನಂತರ ನಿಧಾನವಾಗಿ ಸಡಿಲಗೊಳ್ಳುತ್ತದೆ. ಅದರ ದೇಹದಲ್ಲಿಯೇ ಇರುವ ಕಿಣ್ವಗಳು ಮಾಂಸವನ್ನು ಕರಗಿಸತೊಡಗುತ್ತವೆ. ಹೊಟ್ಟೆ ತುಂಬ ತಿಂದಿದ್ದ ಮೀನಿನಲ್ಲಿ ಈ ಕ್ರಿಯೆ ಕರುಳಿನಿಂದಲೇ ಆರಂಭವಾಗಿ ಹೊಟ್ಟೆ ಒಡೆಯುತ್ತದೆ. ಚರ್ಮ, ಕಿವಿರು ಮತ್ತು ಕರುಳಿನಲ್ಲಿರುವ ಸೂಕ್ಷ್ಮಾಣುಗಳು ವೃದ್ಧಿಯಾಗಿ ದುರ್ವಾಸನೆ ಹುಟ್ಟುವುದು ಮುಂದಿನ ಹಂತ.

ಈ ಎಲ್ಲ ಕ್ರಿಯೆಗಳ ವೇಗವನ್ನು ನಿರ್ಧರಿಸುವುದು ಉಷ್ಣತೆ. ಕರಗುತ್ತಿರುವ ಮಂಜುಗಡ್ಡೆಯ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಡುವ ವೇಗವನ್ನು ಒಂದು ಎಂದು ಇಟ್ಟುಕೊಂಡರೆ, 5 ಡಿಗ್ರಿಯಲ್ಲಿ ಅದು ಎರಡು ಪಟ್ಟಿಗೂ ಮಿಕ್ಕುತ್ತದೆ. 10 ಡಿಗ್ರಿಯಲ್ಲಿ ನಾಲ್ಕು ಪಟ್ಟು, 20 ಡಿಗ್ರಿಯಲ್ಲಿ ಸುಮಾರು ಒಂಬತ್ತು ಪಟ್ಟಾಗುತ್ತದೆ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲನ್ನು ನೆನೆದರೆ ಹೆಚ್ಚಿನ ವಿವರಣೆ ಬೇಕಿಲ್ಲ. ಮಧ್ಯಾಹ್ನ ಹಿಡಿದ ಎರೆಮೀನನ್ನು ಬರಿಯ ಬುಟ್ಟಿಯಲ್ಲಿಟ್ಟು ಸಂಜೆ ಮಂಜುಗಡ್ಡೆಗೆ ಹಾಕಿದರೆ, ಕಳೆದುಹೋದ ತಾಜಾತನವನ್ನು ಎಷ್ಟು ಮಂಜುಗಡ್ಡೆಯೂ ಮರಳಿ ತರಲಾರದು. ಮಂಜುಗಡ್ಡೆ ಇದ್ದುದನ್ನು ಉಳಿಸುತ್ತದೆಯೇ ಹೊರತು ಹೋದದ್ದನ್ನು ಕೊಡುವುದಿಲ್ಲ. ಹಿಡಿದ ಮೊದಲ ಗಂಟೆಯೇ ನಿರ್ಣಾಯಕ.

ಮಂಜುಗಡ್ಡೆ ಎಷ್ಟು ಬೇಕು?

ವ್ಯಾಪಾರಸ್ಥರಿಗೆ ಲೆಕ್ಕವೇ ಪ್ರಮಾಣ. ಒಂದು ಕೆ.ಜಿ. ಮೀನಿನ ಉಷ್ಣತೆಯನ್ನು ಒಂದು ಡಿಗ್ರಿ ಇಳಿಸಲು ಸುಮಾರು 0.8 ಕಿಲೋಕ್ಯಾಲೊರಿ ಶಾಖವನ್ನು ತೆಗೆಯಬೇಕು. ಒಂದು ಕೆ.ಜಿ. ಮಂಜುಗಡ್ಡೆ ಕರಗುವಾಗ 80 ಕಿಲೋಕ್ಯಾಲೊರಿ ಶಾಖವನ್ನು ಹೀರುತ್ತದೆ.

ನೂರು ಗಾಳಗಳಿಗೆ ತಲಾ 20 ಗ್ರಾಂ ತೂಕದ ಎರೆಮೀನು ಎಂದರೆ ಒಟ್ಟು 2 ಕೆ.ಜಿ. ಇದನ್ನು 30 ಡಿಗ್ರಿಯಿಂದ 0 ಡಿಗ್ರಿಗೆ ಇಳಿಸಲು 48 ಕಿಲೋಕ್ಯಾಲೊರಿ ತೆಗೆಯಬೇಕು. ಅದಕ್ಕೆ 600 ಗ್ರಾಂ ಮಂಜುಗಡ್ಡೆ ಸಾಕು. ಹಾಗಾದರೆ ಎರಡು ಕೆ.ಜಿ. ಮಂಜುಗಡ್ಡೆ ಒಯ್ದವನ ಎರೆಯೂ ಬೆಳಗಿನೊಳಗೆ ಕೆಡುವುದೇಕೆ? ಉತ್ತರ ಪೆಟ್ಟಿಗೆಯ ಗೋಡೆಯಲ್ಲಿದೆ. ಒಂದು ಇಂಚು ದಪ್ಪದ, ಒಟ್ಟು ಹೊರಮೈ ಅರ್ಧ ಚದರ ಮೀಟರಿನಷ್ಟಿರುವ ಥರ್ಮೋಕೋಲ್ ಪೆಟ್ಟಿಗೆಯನ್ನು 30 ಡಿಗ್ರಿಯ ಗಾಳಿಯಲ್ಲಿ 12 ಗಂಟೆ ಇಟ್ಟರೆ, ಗೋಡೆಗಳ ಮೂಲಕ ಒಳನುಗ್ಗುವ ಶಾಖವೇ ಎರಡೂವರೆಯಿಂದ ಮೂರು ಕೆ.ಜಿ. ಮಂಜುಗಡ್ಡೆಯನ್ನು ಕರಗಿಸುತ್ತದೆ. ಮುಚ್ಚಳ ತೆರೆದಾಗಲೆಲ್ಲ ಆಗುವ ನಷ್ಟ ಬೇರೆ. ಎಂದರೆ ಸಣ್ಣ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ಬಹುಭಾಗ ಖರ್ಚಾಗುವುದು ಮೀನಿಗಾಗಿ ಅಲ್ಲ, ಹೊರಗಿನ ಬಿಸಿಗಾಳಿಗಾಗಿ. ಆದುದರಿಂದ 2 ಕೆ.ಜಿ. ಎರೆಗೆ ರಾತ್ರಿಯಿಡೀ ಬಾಳುವಂತೆ 5 ಕೆ.ಜಿ. ಮಂಜುಗಡ್ಡೆ ಇರಿಸಿಕೊಳ್ಳುವುದು ಯೋಗ್ಯ. ಪೆಟ್ಟಿಗೆಯನ್ನು ನೆರಳಿನಲ್ಲಿಟ್ಟು, ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಆಗಾಗ ತೆರೆಯದಿದ್ದರೆ ಇದರಲ್ಲಿಯೂ ಉಳಿತಾಯ ಸಾಧ್ಯ.

ಅನುಸರಿಸಬೇಕಾದ ಕ್ರಮ

1. ಹಿಡಿದ ಎರೆಮೀನನ್ನು ಸ್ವಚ್ಛ ನೀರಿನಲ್ಲಿ ಒಮ್ಮೆ ತೊಳೆದು, ಗಾತ್ರಕ್ಕನುಗುಣವಾಗಿ ವಿಂಗಡಿಸಬೇಕು. ಹೊಟ್ಟೆ ಒಡೆದವು, ಜಜ್ಜಿದವುಗಳನ್ನು ಬೇರ್ಪಡಿಸಬೇಕು.

2. ಮಂಜುಗಡ್ಡೆಯನ್ನು ಸಣ್ಣಗೆ ಪುಡಿಮಾಡಬೇಕು. ದೊಡ್ಡ ತುಂಡುಗಳು ಮೀನಿನ ಮೈಯನ್ನು ಜಜ್ಜುತ್ತವೆ. ನಡುವೆ ಗಾಳಿ ಉಳಿದು ತಂಪು ತಡವಾಗಿ ಮುಟ್ಟುತ್ತದೆ.

3. ಕೆಳಗೆ ಮಂಜು, ಅದರ ಮೇಲೆ ಮೀನು, ಮತ್ತೆ ಮಂಜು – ಹೀಗೆ ಪದರ ಪದರವಾಗಿ ತುಂಬಿ, ಮೇಲಿನ ಪದರ ದಪ್ಪವಾಗಿರುವಂತೆ ನೋಡಿಕೊಳ್ಳಬೇಕು.

4. ಕರಗಿದ ನೀರು ಹೊರಹೋಗಲು ಪೆಟ್ಟಿಗೆಯ ತಳದಲ್ಲಿ ರಂಧ್ರವಿರಬೇಕು. ನೀರಿನಲ್ಲಿಯೇ ಗಂಟೆಗಟ್ಟಲೆ ನೆನೆದ ಮೀನಿನ ರಸ ಬಸಿದುಹೋಗಿ, ಮಾಂಸ ಬಿಳಿಚಿ ಮೆತ್ತಗಾಗುತ್ತದೆ. ಬಾಳೆ ಮೀನನ್ನು ಸೆಳೆಯಬೇಕಾದದ್ದು ಆ ರಸವೇ ಎಂಬುದನ್ನು ಮರೆಯಬಾರದು. ಎರೆಯನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಚಪ್ಪಟೆಯಾಗಿ ಹರಡಿ, ಎರಡೂ ಬದಿಗೆ ಮಂಜು ತಾಗುವಂತೆ ಇಡುವುದು ಇನ್ನೂ ಉತ್ತಮ.

5. ಎರೆಯ ಪೆಟ್ಟಿಗೆ ಬೇರೆ, ಮಾರಾಟದ ಮೀನಿನ ಪೆಟ್ಟಿಗೆ ಬೇರೆ ಇರಬೇಕು.

ಘನೀಕರಣ ಮತ್ತು ಉಪ್ಪು

ಸಣ್ಣ ಮೀನು ಹೇರಳವಾಗಿ ಸಿಗುವ ದಿನ ಅದನ್ನು ಫ್ರೀಜರಿನಲ್ಲಿಟ್ಟು ಕೊರತೆಯ ದಿನಕ್ಕೆ ಉಳಿಸಿಕೊಳ್ಳಬಹುದು. ಆದರೆ ಮನೆಬಳಕೆಯ ಫ್ರೀಜರ್ ನಿಧಾನವಾಗಿ ಘನೀಕರಿಸುತ್ತದೆ. ಆಗ ಮಾಂಸದೊಳಗೆ ದೊಡ್ಡ ಹರಳುಗಳು ಮೂಡಿ ಜೀವಕೋಶಗಳನ್ನು ಸೀಳುತ್ತವೆ. ಕರಗಿಸಿದಾಗ ರಸ ಸೋರಿ ಮೀನು ಸಡಿಲವಾಗುತ್ತದೆ. ಇದನ್ನು ತಪ್ಪಿಸಲು ಒಂದು ರಾತ್ರಿಗೆ ಬೇಕಾದಷ್ಟನ್ನೇ ತೆಳುವಾದ ಪೊಟ್ಟಣಗಳಲ್ಲಿ ಗಾಳಿ ತೆಗೆದು ಕಟ್ಟಬೇಕು. ತೆಳುವಾದಷ್ಟೂ ಬೇಗ ಘನೀಕರಣವಾಗುತ್ತದೆ. ಬಳಸುವಾಗ ಬಿಸಿಲಿಗಿಡದೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಯೇ ಕರಗಲು ಬಿಡಬೇಕು. ಒಮ್ಮೆ ಕರಗಿದ್ದನ್ನು ಪುನಃ ಘನೀಕರಿಸಬಾರದು.

ವಿದ್ಯುತ್ತಿನ ಭರವಸೆಯಿಲ್ಲದ ಕಡೆ ಉಪ್ಪು ಹಳೆಯ ಮಿತ್ರ. ನಾಲ್ಕು ಕೆ.ಜಿ. ಮೀನಿಗೆ ಒಂದು ಕೆ.ಜಿ. ಒಣ ಉಪ್ಪನ್ನು ಪದರಗಳಲ್ಲಿ ಹರಡಿದರೆ ನೀರಿನಂಶ ಹೊರಬಂದು ಮಾಂಸ ಗಟ್ಟಿಯಾಗುತ್ತದೆ, ಗಾಳದಲ್ಲಿ ಬಿಗಿಯಾಗಿ ನಿಲ್ಲುತ್ತದೆ. ನೀರಿನೊಂದಿಗೆ ರಸವೂ ಸ್ವಲ್ಪ ಹೋಗುವುದರಿಂದ ಇದು ಎರಡನೆಯ ದರ್ಜೆಯ ಉಪಾಯ. ಆದರೂ ಕೊಳೆತ ಎರೆಗಿಂತ ಬಹಳ ಮೇಲು.

ಜೀವಂತ ಎರೆಮೀನು

ಎರೆಯನ್ನು ಜೀವಂತವಾಗಿಡುವವರು ಆಮ್ಲಜನಕದ ಕಡೆ ಗಮನ ಕೊಡಬೇಕು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು 7.5 ಮಿಲಿಗ್ರಾಂಗೆ ಇಳಿಯುತ್ತದೆ. ಅದೇ ವೇಳೆಗೆ ಮೀನಿನ ಉಸಿರಾಟದ ಅಗತ್ಯ ಏರುತ್ತದೆ. ಆದ್ದರಿಂದ ಮೀನು ಕಡಿಮೆ, ನೀರು ಹೆಚ್ಚು, ನೆರಳು ಅಗತ್ಯ ಎಂಬ ಮೂರು ಮಾತುಗಳನ್ನು ನೆನಪಿಡಬೇಕು. ಕ್ಲೋರಿನ್ ಬೆರೆತ ನಲ್ಲಿ ನೀರು ಮಾರಕ. ಹಿಡಿದ ಸ್ಥಳದ ನೀರನ್ನೇ ಬಳಸುವುದು ಕ್ಷೇಮ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಒಂದು ನೀರಿನ ಜೀವಂತ ಮೀನನ್ನು ಮತ್ತೊಂದು ಕೆರೆಗೆ ಅಥವಾ ಜಲಾಶಯಕ್ಕೆ ಒಯ್ದು ಬಿಡಬಾರದು. ತಿಲಾಪಿಯಾದಂತಹ ಪರದೇಶಿ ತಳಿಗಳು ಹೀಗೆಯೇ ಹಬ್ಬುತ್ತವೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿಯೇ ನಿಷೇಧಿಸಿದೆ. ಅದರ ಮರಿಗಳನ್ನು ಎರೆಯಾಗಿಯೂ ಸಾಗಿಸಕೂಡದು.

ಬೇಡವಾದ ಅಡ್ಡದಾರಿಗಳು

ಮೀನು ಗಟ್ಟಿಯಾಗಿ ಉಳಿಯಲೆಂದು ಫಾರ್ಮಲಿನ್ ಬಳಸುವುದು ಸರ್ವಥಾ ಸಲ್ಲದು. ಎರೆಯನ್ನು ನುಂಗಿದ ಮೀನು ಕೊನೆಗೆ ಬರುವುದು ನಮ್ಮ ತಟ್ಟೆಗೇ. 2018ರಲ್ಲಿ ಫಾರ್ಮಲಿನ್ ವಿವಾದವು ಕೇರಳ, ಗೋವಾಗಳ ಮೀನು ವ್ಯಾಪಾರಕ್ಕೆ ತಂದ ಸಂಕಟವನ್ನು ವರ್ತಕರು ಮರೆತಿರಲಾರರು. ತಿನ್ನಲು ಯೋಗ್ಯವಲ್ಲದ ಮಂಜುಗಡ್ಡೆಗೆ ನೀಲಿ ಬಣ್ಣ ಬೆರೆಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರವು ಅದೇ ವರ್ಷ ಸೂಚಿಸಿತು. ಮಾರಾಟದ ಮೀನಿಗೆ ಶುದ್ಧ ನೀರಿನ ಮಂಜುಗಡ್ಡೆಯನ್ನೇ ಬಳಸತಕ್ಕದ್ದು.

ಬಾಳೆ ಮೀನಿನ ಸಂತತಿಯೂ ಕ್ಷೀಣಿಸುತ್ತಿದ್ದು, ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಪಾಯದಂಚಿನ ಜಾತಿಗಳ ಸಾಲಿಗೆ ಸೇರಿದೆ. ಅದು ಮೊಟ್ಟೆಯಿಡುವ ಮಳೆಗಾಲದಲ್ಲಿ ಹಿಡಿಯದಿರುವುದು, ಸಣ್ಣ ಮರಿಗಳನ್ನು ಮರಳಿ ನೀರಿಗೆ ಬಿಡುವುದು ವ್ಯಾಪಾರದ ದೃಷ್ಟಿಯಿಂದಲೂ ವಿವೇಕವೇ. ಧೂಪದಾಳದ ಸುತ್ತಲಿನ ಪ್ರದೇಶ ಘಟಪ್ರಭಾ ಪಕ್ಷಿಧಾಮವಾದುದರಿಂದ ಅಲ್ಲಿನ ನಿಯಮಗಳನ್ನು ಅರಣ್ಯ ಇಲಾಖೆಯಿಂದ ತಿಳಿದುಕೊಳ್ಳಬೇಕು. ಉಳಿದ ಕಡೆ ಮೀನುಗಾರಿಕೆ ಇಲಾಖೆಯ ಪರವಾನಗಿ ಮತ್ತು ಗುತ್ತಿಗೆಯ ಷರತ್ತುಗಳನ್ನು ಪಾಲಿಸಬೇಕು.

ವರ್ತಕರಿಗೊಂದು ಮಾತು

ಮಂಜುಗಡ್ಡೆಯನ್ನು ದೊಡ್ಡ ದಿಂಡುಗಳಲ್ಲಿ ಮಾರುವುದು ಕಾರ್ಖಾನೆಗಳ ರೂಢಿ. ಗಾಳದ ಮೀನುಗಾರನಿಗೆ ಬೇಕಾದದ್ದು ಐದು ಕೆ.ಜಿ. ಪುಡಿ ಮಂಜು, ಅದೂ ಮಧ್ಯಾಹ್ನದ ಬಳಿಕ, ನದಿಯ ಸಮೀಪದಲ್ಲಿ. ಇಡೀ ದಿಂಡನ್ನು ಕೊಳ್ಳಲಾರದೆ ಅವನು ಮಂಜಿಲ್ಲದೆಯೇ ದೋಣಿ ಹತ್ತುತ್ತಾನೆ. ಮರುದಿನ ಸಂತೆಗೆ ಬರುವ ಬಾಳೆ ಮೀನಿನ ಸಂಖ್ಯೆಯೂ, ಅದರ ತಾಜಾತನವೂ ಇದರಿಂದ ಕುಗ್ಗುತ್ತವೆ. ಖಾನಾವಳಿಯವರು, ಸಗಟು ವ್ಯಾಪಾರಿಗಳು, ಗ್ರಾಹಕರು ಎಲ್ಲರಿಗೂ ನಷ್ಟ. ನದಿದಂಡೆಯ ಊರಿನ ಕಿರಾಣಿ ಅಂಗಡಿಯೊಂದರಲ್ಲಿ ಉಷ್ಣನಿರೋಧಕ ಪೆಟ್ಟಿಗೆಯಿಟ್ಟು ಪುಡಿ ಮಂಜನ್ನು ಕೆ.ಜಿ. ಲೆಕ್ಕದಲ್ಲಿ ಮಾರುವ ವ್ಯವಸ್ಥೆಗೆ ಬೇಕಾಗುವ ಬಂಡವಾಳ ಅಲ್ಪ.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮಂಜುಗಡ್ಡೆ ಘಟಕ, ಶೀತಲ ವಾಹನ ಹಾಗೂ ಮಂಜಿನ ಪೆಟ್ಟಿಗೆ ಸಹಿತ ದ್ವಿಚಕ್ರ ವಾಹನಗಳಿಗೆ ಸಾಮಾನ್ಯ ವರ್ಗದವರಿಗೆ ಶೇ. 40, ಮಹಿಳೆಯರು ಹಾಗೂ ಪರಿಶಿಷ್ಟರಿಗೆ ಶೇ. 60ರಷ್ಟು ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಯಿತು. ಇಂತಹ ನೆರವಿನ ಸದ್ಯದ ನಿಯಮಗಳನ್ನು ತಾಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು.

ಗ್ರಾಮೀಣ ವಿದ್ಯುತ್ ವಿತರಣೆಯನ್ನೇ ಸಹಕಾರಿ ತತ್ವದ ಮೇಲೆ ನಡೆಸಿ ತೋರಿಸಿದ ತಾಲೂಕು ಹುಕ್ಕೇರಿ. ಅಂತಹ ನೆಲದಲ್ಲಿ ಐದು ಕೆ.ಜಿ. ಮಂಜುಗಡ್ಡೆಯನ್ನು ನದಿದಂಡೆಗೆ ತಲುಪಿಸುವುದು ಅಸಾಧ್ಯದ ಕಾರ್ಯವೇನಲ್ಲ. ಸಂಬಂಧಿಸಿದ ಉದ್ದಿಮೆದಾರರು ಈ ದಿಶೆಯಲ್ಲಿ ಆಲೋಚಿಸುವುದು ಒಳಿತು.